ಉಲ್ಲೇಖ ಸೂಚಿಯಲ್ಲಿ ನಮ್ಮ ಯಜಮಾನರು

ಅಧ್ಯಕ್ಷರಾದ ಪ್ರಿನ್ಸಿಪಾಲ ಸಾಹೇಬರೇ, ಇಂಥ ಸೆಕೆಯಲ್ಲಿ ನನಗೆ ಉಣ್ಣೆಯ ಶಾಲು ಹೊದಿಸಿದ ಅತಿಥಿಗಳೇ, ಕೆಂಪು ಪೆನ್ನಿನ ಪ್ರೇಮಕುಮಾರ ಸರ್ ಅವರೇ, ಊಟ ಯಾವಾಗ ಎಂದು ಬಾಗಿಲ ಕಡೆ ನೋಡುತ್ತಿರುವ ಸಭಿಕರೇ, ಗುಡೂರಿನ ಮಾಯವ್ವನ ಶರಣು.

ನಾನು ಓದಿದ್ದು ನಾಲ್ಕನೇ ಇಯತ್ತೆ. ಮಾಸ್ತರರಿಗೆ ಎದುರುತ್ತರ ಕೊಟ್ಟೆನೆಂದು ಅಪ್ಪ ಸಾಲೆ ಬಿಡಿಸಿ ಕುರಿ ಹಿಂದೆ ಕಳಿಸಿದ. ಕುರಿಗಳಿಗೂ ಎದುರುತ್ತರ ಕೊಟ್ಟೆ, ಅವು ಬಿಡಿಸಲಿಲ್ಲ. ಇಂಥವಳನ್ನು ಕಾಲೇಜಿನ ವಾರ್ಷಿಕೋತ್ಸವಕ್ಕೆ ಕರೆದು ಮೈಕು ಕೈಗೆ ಕೊಟ್ಟಿದ್ದೀರಿ. ತಪ್ಪು ಯಾರದು?

ಇಲ್ಲಿ ಕೂತಿರುವ ಇಳಕಲ್ಲಿನ ಖುಶನುಮಾ, ನಮ್ಮ ಕುಲದೇವರು ಬೀರಪ್ಪನ ಡೊಳ್ಳಿನ ಹಾಡುಗಳ ಮೇಲೆ ಪಿಎಚ್.ಡಿ. ಪ್ರಬಂಧ ಬರೆದವಳು. ಮೂರು ಸಲ ನಮ್ಮ ಮನೆಗೆ ಬಂದು, ಮೊಬೈಲು ಮುಂದಿಟ್ಟು, ನನ್ನಿಂದ ಹದಿನಾಲ್ಕು ಹಾಡು ಹಾಡಿಸಿಕೊಂಡಳು. ಕೊನೆಯದು, ತನ್ನ ಗೊರಕೆಗೆ ತನ್ನ ಕುರಿಗಳೇ ಬೆದರಿ ಓಡಿದ ಕುರುಬನ ಹಾಡು. ಅದನ್ನು ಕೇಳಿ ನಕ್ಕು ನಕ್ಕು ಮೊಬೈಲನ್ನೇ ಬೀಳಿಸಿದಳು. ಆದರೆ ಪ್ರತಿ ಹಾಡಿಗೂ ಅವಳದು ಒಂದೇ ಪ್ರಶ್ನೆ: “ಇದನ್ನ ಯಾರ ಕಡಿಂದ ಕಲ್ತೀರಿ, ಆಯಿ?”

ಕಲಿತದ್ದು ನಮ್ಮ ಯಜಮಾನರಿಂದ. ಐವತ್ತು ವರ್ಷ ಮೇಳದ ಮುಂದೆ ನಿಂತು ಹಾಡಿದವರು. ಆದರೆ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದು ನಮ್ಮಲ್ಲಿ ಉಂಟೇ? ಮೊದಲು ಮಗನ ಹೆಸರು ಹಿಡಿದು “ಮಹಾಂತೇಶನ ಅಪ್ಪ” ಎಂದೆ. ಇನ್ನೊಂದು ಹಾಡಿಗೆ ಅತ್ತೆ ನೆನಪಾದಳು, “ಬೋರವ್ವನ ಮಗ” ಎಂದೆ. ಮೊಮ್ಮಗಳು ಎದುರು ಬಂದಾಗ “ರಾಜಶ್ರೀಯ ಅಜ್ಜ” ಎಂದೆ. ನಾದಿನಿಯ ಫೋನು ಬಂದಾಗ “ಮಹಾದೇವಿಯ ಅಣ್ಣ” ಎಂದೆ. ಖುಶನುಮಾ ಬಂದ ಮೂರೂ ಸಲ ಯಜಮಾನರು ಗಂಟಲು ತೋರಿಸಲು ಬಾಗಲಕೋಟೆಯ ದವಾಖಾನೆಗೆ ಹೋಗಿದ್ದರು. ಕಾಣದ ಮನುಷ್ಯ ಒಬ್ಬನೋ ನಾಲ್ವರೋ, ಆ ಕೂಸಿಗೆ ಹೇಗೆ ಗೊತ್ತಾಗಬೇಕು?

ಪ್ರಬಂಧದ ಕೊನೆಗೆ ಉಲ್ಲೇಖ ಸೂಚಿ ಎಂದು ಇರುತ್ತದಂತೆ. ಯಾವುದು ಯಾರಿಂದ ಬಂತು ಎಂಬ ಪಟ್ಟಿ. ಮೊದಲು ಅಡ್ಡಹೆಸರು, ಅಲ್ಪವಿರಾಮ, ಆಮೇಲೆ ಸ್ವಂತ ಹೆಸರು, ವಯಸ್ಸು, ಊರು, ಚುಕ್ಕಿ. ಚುಕ್ಕಿ ಬಿಟ್ಟರೂ ಅವಳ ಗೈಡು ಪ್ರೇಮಕುಮಾರ ಸರ್ ಕೆಂಪು ಪೆನ್ನು ತೆಗೆಯುತ್ತಾರಂತೆ. ಬೀಗರ ಪಂಕ್ತಿಯಲ್ಲೂ ಇಷ್ಟು ಕಟ್ಟುನಿಟ್ಟಿಲ್ಲ. ಅಂಥ ಪಟ್ಟಿಯಲ್ಲಿ ನಮ್ಮ ಯಜಮಾನರು ನಾಲ್ಕು ಮಂದಿಯಾಗಿ ಕೂತರು. ಪರೀಕ್ಷಕರು ಬರೆದು ಕಳಿಸಿದರು: ಈ ನಾಲ್ವರಿಗೆ ಹೆಸರಿಲ್ಲ, ವಯಸ್ಸಿಲ್ಲ, ಇವರು ಇದ್ದಾರೆಂದು ನಂಬುವುದು ಹೇಗೆ? ಸೋಮವಾರದೊಳಗೆ ತಿದ್ದಿ, ಇಲ್ಲವೇ ಹದಿನಾಲ್ಕು ಹಾಡನ್ನೂ ತೆಗೆಯಿರಿ. ಹಾಡು ತೆಗೆದರೆ ಹುಡುಗಿಯ ನಾಲ್ಕು ವರ್ಷದ ದುಡಿಮೆಯಲ್ಲಿ ಉಳಿಯುವುದು ರಟ್ಟು ಮಾತ್ರ.

ಹೋದ ವಾರ ಓಡುತ್ತ ಬಂದಳು. ಕಟ್ಟೆಯ ಮೇಲಿದ್ದ ಯಜಮಾನರ ಮುಂದೆಯೇ ಪಟ್ಟಿ ಓದಿದಳು. ಗಂಟಲಿನ ಆಪರೇಶನ್ ಆದಮೇಲೆ ಅವರ ದನಿ ಪಿಸುಮಾತಿಗೆ ಇಳಿದಿದೆ. ಮೂರು ಹರದಾರಿ ದೂರಕ್ಕೆ ಕೇಳುತ್ತಿದ್ದ ದನಿ. ಆ ಪಿಸುಮಾತಿನಲ್ಲೇ ಅಂದರು: “ನಾಲ್ಕೂ ಮಂದಿ ನಾನ ಅದೇನಿ, ತಂಗಿ. ಆದ್ರ ಒಂದ್ರಾಗೂ ನಾ ಇಲ್ಲಲ್ಲ.”

ಅಂದಿನಿಂದ ನನ್ನ ಕೈಯ ಚಹಾ ಮುಟ್ಟಿಲ್ಲ. ಇಗೋ, ಮೂರನೇ ಸಾಲಿನಲ್ಲಿ ಹಳದಿ ರುಮಾಲು ಸುತ್ತಿಕೊಂಡು ಗೋಡೆ ನೋಡುತ್ತಿದ್ದಾರೆ.

ಅವರ ಹೆಸರು ಅವರನ್ನೇ ಕೇಳಿರಿ ಎಂದೆ. ಮೊಬೈಲಿಗೆ ಹಾಡಿದವರೇ ಮೂಲ ಹೇಳಬೇಕು ಎಂದರು ಸರ್. ಬರೆದುಕೊಡುತ್ತೇನೆ ಎಂದೆ. ಬರಹ ಸಾಲದು, ಧ್ವನಿಮುದ್ರಣ ಬೇಕು ಎಂದರು. ಐವತ್ತೈದು ವರ್ಷದ ಸಂಸಾರದಲ್ಲಿ ನಾನು ಆ ಹೆಸರು ಹೇಳಿದ್ದು ಒಂದೇ ಸಲ, ಮದುವೆಯಾಗಿ ಬಂದ ದಿನ. ನಾದಿನಿ ಬಾಗಿಲಿಗೆ ಅಡ್ಡ ನಿಂತು, ಪ್ರಾಸದ ಎರಡು ಸಾಲಿನ ಒಡಪು ಕಟ್ಟಿ ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುತ್ತೇನೆ ಎಂದಿದ್ದಳು. ಇವತ್ತು ಬಾಗಿಲಿಗೆ ಅಡ್ಡ ನಿಂತ ನಾದಿನಿ ಯಾರು? ಪ್ರೇಮಕುಮಾರ ಸರ್. ನಾದಿನಿಗೆ ಮೀಸೆ ಇರಲಿಲ್ಲ, ಅಷ್ಟೇ.

ಖುಶನುಮಾ, ಮೊಬೈಲು ಹತ್ತಿರ ತಾ. ಬೀಳಿಸಬೇಡ.

“ಇಳಕಲ್ಲ ಸೀರಿಗೆ ಗುಳೇದಗುಡ್ಡದ ಖಣಾ ಚಂದ,
ಹದಿಮೂರು ಹಾಡು ಬಂದಾವು ಅಮಸಿದ್ದಪ್ಪನವರ ಬಾಯಿಂದ.”

ಚಪ್ಪಾಳೆ ಆಮೇಲೆ ಹೊಡೆಯಿರಿ, ಮೊದಲು ಅವಳು ಬರೆದುಕೊಳ್ಳಲಿ. ಅಡ್ಡಹೆಸರು ಡೊಳ್ಳಿನ, ಅಲ್ಪವಿರಾಮ, ಅಮಸಿದ್ದಪ್ಪ. ವಯಸ್ಸು ಎಪ್ಪತ್ತೆಂಟು. ಊರು ಗುಡೂರು. ಚುಕ್ಕಿ ದಪ್ಪಗೆ ಇಡು. ಪಟ್ಟಿಯಲ್ಲಿರುವ ಆ ನಾಲ್ವರನ್ನೂ ಹೊಡೆದುಹಾಕು. ಒಬ್ಬರಿಗೇ ರೊಟ್ಟಿ ಬಡಿದು ನನ್ನ ರಟ್ಟೆ ಬಿದ್ದಿದೆ.

ಹದಿನಾಲ್ಕರ ಬದಲು ಹದಿಮೂರು ಎಂದಳಲ್ಲ, ಮುದುಕಿಗೆ ಮರೆವು ಎಂದುಕೊಂಡಿರಾ? ಗೊರಕೆಯ ಹಾಡು ಕಟ್ಟಿದವಳು ನಾನು. ಮದುವೆಯಾದ ಮೊದಲ ವರ್ಷವೇ, ನಿದ್ದೆಗೆಟ್ಟು ಕಟ್ಟಿದ್ದು. ಹಿತ್ತಲಲ್ಲಿ ಗುನುಗುವಾಗ ಅವರ ಕಿವಿಗೆ ಬಿದ್ದು, ಯಾರದು ಎಂದು ಕೇಳಿದರು. ಹೆದರಿ, ಹಿರಿಯರದು ಎಂದೆ. ಅಂದಿನಿಂದ ಊರೂರಲ್ಲಿ ಎದೆಯುಬ್ಬಿಸಿ ಹಿರಿಯರ ಹಾಡೆಂದು ಹಾಡಿದರು. ಆ ಕುರುಬ ಯಾರೆಂದು ಒಂದು ದಿನವೂ ಕೇಳಲಿಲ್ಲ. ಬರೆದುಕೋ: ಡೊಳ್ಳಿನ, ಅಲ್ಪವಿರಾಮ, ಮಾಯವ್ವ.

ನೋಡಿರಿ, ಹಳದಿ ರುಮಾಲು ಕುಲುಕುತ್ತಿದೆ. ದನಿ ಹೋಯಿತು, ನಗು ಎಲ್ಲಿಗೂ ಹೋಗಿಲ್ಲ. ಯಾರಾದರೂ ಅವರಿಗೊಂದು ಚಹಾ ಕೊಡಿರಿ. ಬೇಡ, ನಾನೇ ಇಳಿದು ಬಂದು ಕೊಡುತ್ತೇನೆ.

ಶಾಲಿಗೆ, ಮೈಕಿಗೆ, ಇಷ್ಟು ಹೊತ್ತು ಹಸಿವು ತಡೆದ ನಿಮ್ಮ ಹೊಟ್ಟೆಗಳಿಗೆ ಉಪಕಾರ. ನಮಸ್ಕಾರ.