ಕೋಟೆ ವೈರಾಗ್ಯ

ಒಂದೂರಿನಲ್ಲಿ ಒಬ್ಬ ಶ್ರೀಮಂತ. ಯಾವ ಊರು ಎಂದು ಕೇಳಬೇಡಿ, ಅವನ ನೆಂಟರು ಇಲ್ಲೇ ಕೂತಿರಬಹುದು. ಪಕ್ಕದ ಮನೆಯ ಸ್ವಂತ ತಮ್ಮ ಕಟ್ಟಿದ ಗೋಡೆ ತನ್ನ ಜಾಗಕ್ಕೆ ಬಂದಿದೆ ಎಂದು ಅವನ ತಕರಾರು. ಎಷ್ಟು ಬಂದಿತ್ತು? ಒಂದು ಗೇಣು! ಒಂದು ಗೇಣಿಗಾಗಿ ಅಣ್ಣ ತಮ್ಮ ಎಂಟು ವರ್ಷ ಮಾತು ಬಿಟ್ಟಿದ್ದರು.

ಈ ಶ್ರೀಮಂತ ಒಂದು ಭಾನುವಾರ ಹೆಂಡತಿಯ ಜೊತೆ, ಹೊಲಗಳ ನಡುವೆ ಪಾಳುಬಿದ್ದ ಹಳೇ ಕೋಟೆ ನೋಡಲು ಹೋದ. ಏದುಸಿರು ಬಿಡುತ್ತಾ ಬುರುಜು ಹತ್ತಿದ. ಅರಮನೆ ಇದ್ದಲ್ಲಿ ಸೀತಾಫಲದ ಗಿಡ, ಆನೆ ಲಾಯದಲ್ಲಿ ಮೇಕೆಗಳು. ಅವನ ಕಣ್ಣಲ್ಲಿ ನೀರು ಬಂತು. ನಿಜವಾಗಿಯೂ ಬಂತು, ಸುಳ್ಳಲ್ಲ!

"ನೋಡೇ, ಇಷ್ಟಗಲ ಗೋಡೆ ಕಟ್ಟಿದ ರಾಜ ಏನು ತಗೊಂಡು ಹೋದ? ನಂದು ನಂದು ಅಂತ ಹೊಡೆದಾಡಿ ಸತ್ತ. ಎಲ್ಲಾ ಮಾಯೆ ಕಣೇ, ಎಲ್ಲಾ ಮಾಯೆ!"

ಅಷ್ಟರಲ್ಲಿ ಫೋನು ಬಂತು. ಎಂಟು ವರ್ಷದ ಮೇಲೆ ತಮ್ಮನೇ ಮಾಡಿದ್ದ. "ಅಣ್ಣಾ, ಗುರುವಾರ ಮಗಳ ಧಾರೆ. ದೊಡ್ಡಪ್ಪ ಬರ್ತಾರಾ ಅಂತ ದಿನಾ ಕೇಳ್ತಾಳೆ. ಆ ಗೋಡೆ ವಿಷಯ ಆಮೇಲೆ ಕೂತು ಮಾತಾಡೋಣ. ನೀನು ಬಾರಣ್ಣ."

ಶ್ರೀಮಂತ ಕಣ್ಣೊರೆಸಿಕೊಂಡ. ಏನೆಂದ ಗೊತ್ತೇ? "ಮೊದಲು ಗೋಡೆ ಒಡಿ. ಆಮೇಲೆ ಕರಿ." ಫೋನು ಇಟ್ಟೇಬಿಟ್ಟ.

ಮೇಕೆ ಕಾಯುತ್ತಿದ್ದ ಅಜ್ಜಿಯೊಬ್ಬಳು ಪಕ್ಕದಲ್ಲೇ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಬುದ್ಧೀ, ಇಲ್ಲಿಗ್ ಬಂದೋರೆಲ್ಲ ಎಲ್ಲಾ ಮಾಯೆ ಅಂತಾರೆ. ಮೆಟ್ಲು ಇಳಿಯೋಗಂಟ ಆದ್ರೂ ಇರ್ತದೆ ಅದು. ನಿಮ್ದು ಇಳಿಯಾಕ್ ಮುಂಚೆನೇ ಹೋಯ್ತಲ್ಲ!"

ಹೆಂಡತಿ ತಲೆ ತಗ್ಗಿಸಿದಳು. ಅವನು? ಅಜ್ಜಿಗೆ ಬೈದು ಕಾರು ಹತ್ತಿದ. ಗುರುವಾರ ಬಂತು. ಒಬ್ಬ ದೊಡ್ಡಪ್ಪನಿಗಾಗಿ ಮುಹೂರ್ತ ನಿಲ್ಲುತ್ತದೆಯೇ? ಆ ಹುಡುಗಿ ಛತ್ರದ ಬಾಗಿಲ ಕಡೆ ನೋಡುತ್ತಲೇ ತಾಳಿ ಕಟ್ಟಿಸಿಕೊಂಡಳು.

ನೋಡಿ, ಸ್ಮಶಾನ ವೈರಾಗ್ಯದ ಬಗ್ಗೆ ಕೇಳಿದ್ದೀರಿ. ಇದು ಕೋಟೆ ವೈರಾಗ್ಯ. ನಿಮ್ಮದು ಯಾವುದು? ಪ್ರವಚನ ವೈರಾಗ್ಯ! ಇಲ್ಲಿ ಚೆನ್ನಾಗಿ ತಲೆದೂಗುತ್ತೀರಿ. ಹೊರಗೆ ಚಪ್ಪಲಿ ಸಿಗುವಷ್ಟರಲ್ಲಿ ಮುಗಿಯಿತು. ಮೇಲೆ ಕೂತ ನನಗೆ ಎಲ್ಲಾ ಕಾಣುತ್ತದೆ ಸ್ವಾಮಿ. ಅಣ್ಣ ಎಡಗಡೆ ಕೂತರೆ ತಮ್ಮ ಬಲಗಡೆ ಹೋಗಿ ಕೂರುತ್ತಾನೆ. ಅತ್ತಿಗೆ ಬಂದರೆ ನಾದಿನಿ ಕಂಬದ ಮರೆಗೆ ಸರಿಯುತ್ತಾಳೆ. ನನಗೆ ಬೇಸರವಾಗುತ್ತದೆ, ಮುಚ್ಚಿಟ್ಟು ಏನು ಪ್ರಯೋಜನ?

ಲೋಕವನ್ನೇ ಬಿಡಿ ಎಂದು ನಾನು ಹೇಳುತ್ತಿಲ್ಲ. ಒಂದು ಗೇಣು ಬಿಡಿ. ಮಾತು ಬಿಟ್ಟವರನ್ನು ನೀವೇ ಮೊದಲು ಮಾತಾಡಿಸಿ. ಮದುವೆ ಬರಲಿ, ತಿಥಿ ಬರಲಿ ಎಂದು ಕಾಯಬೇಡಿ. ಇವತ್ತೇ, ಪ್ರಸಾದಕ್ಕೆ ಎಲೆ ಹಾಕುವ ಮೊದಲು, ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತುಕೊಳ್ಳಿ. ಅನ್ನ ಆರಿದರೆ ಆರಲಿ, ನಾನು ಕಾಯುತ್ತೇನೆ. ಏಳಿ.

ಏನು, ಒಬ್ಬರೂ ಏಳುತ್ತಿಲ್ಲ?