ಇಲ್ಲದ ಗಾಳಿಯನ್ನು ಬಾನುಲಿ ಕಂಪ್ಯೂಟರು ಕೂಗಿ ಹೇಳಿದ್ದರ ಬಗ್ಗೆ

ನನ್ನ ಹೆಸರು ಜಾಸ್ಮಿನ್, ತಂದೆ ದಿವಂಗತ ಸ್ಟೆಲ್ಲಸ್, ವಯಸ್ಸು 34 ವರ್ಷ, ಮರಿಯತುರ ಮೀನುಗಾರರ ಸಂಘದ ಬಾನುಲಿ ಕೇಂದ್ರದಲ್ಲಿ ಕೆಲಸ, ವಾಸ ಇಗರ್ಜಿಯ ಹಿಂದಿನ ಓಣಿ, ಮರಿಯತುರ, ತಿರುವನಂತಪುರ ಜಿಲ್ಲೆ. ಸಂಘದ ಕಾರ್ಯದರ್ಶಿ ಗ್ರೆಗರಿಯವರು ಕೊಟ್ಟ ದೂರಿನ ಮೇಲೆ ಕರಾವಳಿ ಠಾಣೆಯ ಸಬ್ ಇನ್‌ಸ್ಪೆಕ್ಟರ್ ಅವರು ನನ್ನನ್ನು ಕರೆಸಿ ಕೇಳಿದ್ದಕ್ಕೆ ನಾನು ಈ ಮೂಲಕ ತಿಳಿಸುವುದು ಹೀಗಿದೆ.

ನಮ್ಮ ಕೇಂದ್ರಕ್ಕೆ ಇರುವುದು ಒಂದೇ ಕಂಪ್ಯೂಟರು. ಶಾಲೆಯವರು ಬೇಡವೆಂದು ಬಿಟ್ಟದ್ದು. ಅದಕ್ಕೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ ಬಾನುಲಿಗೆ ಹೊಂದಿಸಿದವರು ನಾವೆಲ್ಲ ಚೇಟ್ಟ, ಅಂದರೆ ಅಣ್ಣ, ಎಂದು ಕರೆಯುತ್ತಿದ್ದ ತದೇಯೂಸ್ ಚೇಟ್ಟ. ಅವರು ಮೂರು ವರ್ಷದ ಹಿಂದೆ ಕಾಯಿಲೆಯಿಂದ ತೀರಿಕೊಂಡರು. ಆಗಿನಿಂದ ನಾನು ನೋಡಿಕೊಳ್ಳುತ್ತಿದ್ದೇನೆ, ಒಮ್ಮೆಯೂ ಅದನ್ನು ಆರಿಸಿಲ್ಲ. ಲಿನಕ್ಸ್ ನಡೆಸುವವರಿಗೆ ಇದೊಂದು ಹೆಮ್ಮೆ. ಯಂತ್ರ ಎಷ್ಟು ದಿನದಿಂದ ಆರದೆ ಓಡುತ್ತಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಬೀಗುತ್ತೇವೆ. ನಾನೂ ಬೀಗಿದ್ದೇನೆ. ಒಳಗಿನ ಗಡಿಯಾರದ ಗುಂಡಿ ಬ್ಯಾಟರಿ ಯಾವಾಗಲೋ ಸತ್ತಿತ್ತು. ಇನ್ವರ್ಟರ್ ಇದ್ದು ಯಂತ್ರಕ್ಕೆ ಕರೆಂಟು ತಪ್ಪದ ತನಕ ಗಡಿಯಾರ ಸರಿಯಾಗಿಯೇ ನಡೆಯುವುದರಿಂದ ಅದು ನನಗೆ ಗೊತ್ತಾಗಲಿಲ್ಲ.

ಈಗಿದ್ದ ಹಳೆಯ ಲಿನಕ್ಸ್‌ಗೆ ಇನ್ನು ರಿಪೇರಿ ಸಿಗುವುದಿಲ್ಲವೆಂದು ಪಟ್ಟಣದ ಗೆಳೆಯರು ತಿಳಿಸಿದ್ದರಿಂದ ಹೊಸ ಆವೃತ್ತಿಗೆ ಏರಿಸಲು ತೀರ್ಮಾನಿಸಿದೆ. ನಮ್ಮ ತೀರದಲ್ಲಿ ಭಾನುವಾರ ಯಾರೂ ಕಡಲಿಗೆ ಇಳಿಯುವುದಿಲ್ಲ, ಇಗರ್ಜಿಯ ಪೂಜೆಗೆ ಹೋಗುತ್ತಾರೆ. ಅದಕ್ಕೇ 13ನೇ ತಾರೀಖು ಭಾನುವಾರ ಕೆಲಸ ಹಿಡಿದೆ. ನಡುನಡುವೆ ಯಂತ್ರ ಪ್ರಶ್ನೆ ಕೇಳುತ್ತದೆ: ಇಲ್ಲಿ ಯಾರೋ ಕೈಯಿಂದ ತಿದ್ದಿದ ಹಳೆಯ ಕಡತವಿದೆ, ಅದನ್ನೇ ಇಟ್ಟುಕೊಳ್ಳಲೇ, ಹೊಸದು ಹಾಕಲೇ ಎಂದು. ಮೊದಲ ಒಂದೆರಡನ್ನು ಓದಿದೆ. ಆಮೇಲೆ ಓದದೆ ಎಲ್ಲಕ್ಕೂ ಹೊಸದು ಎಂದು ಒತ್ತಿದೆ. ಅದರಲ್ಲಿ ತದೇಯೂಸ್ ಚೇಟ್ಟನ ಒಂದು ಕಡತವಿತ್ತು. ಯಂತ್ರ ಎದ್ದಾಗ ಇಂಟರ್‌ನೆಟ್‌ನಿಂದ ಸರಿಯಾದ ತಾರೀಖು ಬರುವ ತನಕ ಕಾರ್ಯಕ್ರಮ ಶುರು ಮಾಡಬೇಡ ಎಂದು ಅವರು ಅದರಲ್ಲಿ ಬರೆದಿಟ್ಟಿದ್ದರು. ಅದನ್ನು ನಾನೇ ಅಳಿಸಿದ ಹಾಗಾಯಿತು.

ಸಂಜೆ ಕೆಲಸ ಮುಗಿದು, ಒಮ್ಮೆ ಆರಿಸಿ ಎಬ್ಬಿಸು ಎಂದು ಪರದೆ ಹೇಳಿತು. ನನಗೆ ಧೈರ್ಯ ಬರಲಿಲ್ಲ. ಮುದಿ ಯಂತ್ರ, ಏಳದೇ ಹೋದರೆ ಭಾನುವಾರ ಯಾರನ್ನು ಕೇಳುವುದು. ಹಾಗಾಗಿ ಮಾರನೆಯ ದಿನಕ್ಕೆ ಬಿಟ್ಟೆ. ಭಾನುವಾರವನ್ನು ಆರಿಸಿಕೊಂಡ ಕಾರಣವೇ ಅಲ್ಲಿಗೆ ಹಾಳಾಯಿತು.

14ನೇ ತಾರೀಖು ಸೋಮವಾರ ಬೆಳಿಗ್ಗೆ 10:40ಕ್ಕೆ, ಮೀನಿನ ದರ ಓದಿ ಮುಗಿಸಿ, ಆರಿಸಿ ಎಬ್ಬಿಸಿದೆ. ಪರದೆ ಕಪ್ಪಾಗಿ ನಿಂತುಬಿಟ್ಟಿತು. ಐದು ನಿಮಿಷ ಕಾದೆ. ಪ್ಲಗ್ಗನ್ನೇ ಕಿತ್ತು ಮತ್ತೆ ಹಾಕಿದೆ. ಈ ಸಲ ಎದ್ದಿತು. ನನಗೆ ಹೋದ ಜೀವ ಬಂದ ಹಾಗಾಯಿತು. ಮೂಲೆಯಲ್ಲಿದ್ದ ತಾರೀಖು ನೋಡದೆ ಎದುರಿನ ಅಂಗಡಿಗೆ ಚಹಾ ಕುಡಿಯಲು ಹೋದೆ. ಕರೆಂಟು ತಪ್ಪಿದ್ದರಿಂದ ಗಡಿಯಾರ ಬಾನುಲಿ ಕೇಂದ್ರವೇ ಇರದ ಕಾಲದ ಜನವರಿ ಒಂದಕ್ಕೆ ಹೋಗಿ ಕೂತಿತ್ತು.

ಐದು ವರ್ಷದ ಹಿಂದೆ, ನಮ್ಮ ತೀರದ ಎಷ್ಟೋ ಜನರನ್ನು ಕಡಲಲ್ಲೇ ಉಳಿಸಿಕೊಂಡ ಆ ದೊಡ್ಡ ಗಾಳಿಯ ವರ್ಷ, ತದೇಯೂಸ್ ಚೇಟ್ಟ ಒಂದು ಏರ್ಪಾಡು ಮಾಡಿದ್ದರು. ಅಂದಿನ ತಾರೀಖಿನ ಕಾರ್ಯಕ್ರಮ ಸಿಗದಿದ್ದರೆ, ಕೇಂದ್ರಕ್ಕೆ ಯಾರೂ ಬರಲಾಗಿಲ್ಲ ಎಂದು ತಿಳಿದು, ಯಂತ್ರವೇ ಆಗ ಅವರ ದನಿಯಲ್ಲಿ ರೆಕಾರ್ಡ್ ಮಾಡಿಟ್ಟ ಗಾಳಿಯ ಎಚ್ಚರಿಕೆಯನ್ನು ಮತ್ತೆ ಮತ್ತೆ ಹೇಳಬೇಕು. ಚಹಾ ಅಂಗಡಿಯ ರೇಡಿಯೊದಲ್ಲಿ ನಾನು ಕೇಳಿದ್ದು ಆ ದನಿ. ಎಲ್ಲ ದೋಣಿಗಳೂ ಕೂಡಲೇ ತಿರುಗಬೇಕು, ದೊಡ್ಡ ಗಾಳಿ ಬರುತ್ತಿದೆ ಎಂದು. ನಾನು ಲೋಟ ಬಿಟ್ಟು ಓಡಿದೆ.

ನನಗಿಂತ ಮೊದಲೇ ತದೇಯೂಸ್ ಚೇಟ್ಟನ ಹೆಂಡತಿ ಲೂರ್ದಮ್ಮ ಮೀನಿನ ಬುಟ್ಟಿ ಸಮೇತ ಕೇಂದ್ರಕ್ಕೆ ಬಂದು ನಿಂತಿದ್ದರು. ಅದು ಹಳೆಯ ದನಿ ಎಂದು ಅವರಿಗೆ ಗೊತ್ತಿತ್ತು. ನಾನು ನಿಲ್ಲಿಸಲು ಹೋದಾಗ ಕೈ ಹಿಡಿದು, "ಒಂದು ಸಲ ಪೂರ್ತಿ ಮುಗೀಲಿ ಮಗಳೇ" ಎಂದರು. ನಾನು ಕೈ ಬಿಡಿಸಿಕೊಂಡು ನಿಲ್ಲಿಸಿದೆ. ಕೂಡಲೇ ನನ್ನ ದನಿಯಲ್ಲಿ, ಇದು ತಪ್ಪಿ ಬಂದದ್ದು, ಗಾಳಿ ಇಲ್ಲ ಎಂದು ಹೇಳಿದೆ. ಅಷ್ಟರಲ್ಲಿ ಇಗರ್ಜಿಯಲ್ಲೂ ಅಪಾಯದ ಗಂಟೆ ಹೊಡೆದಾಗಿತ್ತು, ದೋಣಿಗಳು ತಿರುಗಿದ್ದವು. ಇಳಿತದ ಹೊತ್ತಿನಲ್ಲಿ ಎಲ್ಲರೂ ಒಟ್ಟಿಗೆ ಹೊಳೆ ಕಡಲು ಸೇರುವ ಅಳಿವೆಗೆ ನುಗ್ಗಿದ್ದರಿಂದ ಕ್ಲೀಟಸ್ ಎಂಬುವವರ ದೋಣಿ ಮರಳಿನ ದಿಣ್ಣೆಗೆ ಬಡಿದು ಮಗುಚಿತು. ಅವರ ಭುಜದ ಮೂಳೆ ಮುರಿದು ಆಸ್ಪತ್ರೆಯಲ್ಲಿದ್ದಾರೆ. ನಾನು ನೋಡಲು ಹೋದೆ. ಅವರು ಗೋಡೆ ಕಡೆ ತಿರುಗಿಕೊಂಡರು.

ನಾನು ಹುಡುಗಾಟಕ್ಕೆ ಹೀಗೆ ಮಾಡಿದೆ ಎಂದು ಗ್ರೆಗರಿಯವರು ದೂರಿನಲ್ಲಿ ಬರೆದಿದ್ದಾರೆ. ನನ್ನ ಒಬ್ಬನೇ ತಮ್ಮ ಅನ್ಸಿಲ್ ಆ ಹೊತ್ತಿನಲ್ಲಿ ಕಡಲಲ್ಲಿದ್ದ. ಇದಕ್ಕಿಂತ ಹೆಚ್ಚಿಗೆ ಆ ಮಾತಿಗೆ ಉತ್ತರ ಕೊಡುವುದಿಲ್ಲ.

ಇಂದು 15ನೇ ತಾರೀಖು ಮಂಗಳವಾರ ಬೆಳಗಿನ 5:15ಕ್ಕೆ ಹವಾಮಾನ ಕಚೇರಿಯಿಂದ ನಿಜವಾದ ಎಚ್ಚರಿಕೆ ಬಂತು. ಮಧ್ಯಾಹ್ನದ ಒಳಗೆ ಬಿರುಗಾಳಿ, ಯಾರೂ ಇಳಿಯಬಾರದು ಎಂದು. ಬಾನುಲಿಯಲ್ಲಿ ಎರಡು ಸಲ ಓದಿದೆ. ಜನ ನಂಬುತ್ತಾರೆಂಬ ಭರವಸೆ ಸಾಲದೆ ತೀರಕ್ಕೇ ಹೋದೆ. ದೋಣಿಗಳನ್ನು ನೀರಿಗೆ ತಳ್ಳುತ್ತಿದ್ದರು. ಇವತ್ತು ಯಾವ ಸತ್ತವರು ಕರೆದರು ಎಂದು ಕೇಳಿ ನಕ್ಕರು. ನಿನ್ನೆಯ ಮೀನು ನೀನು ಕೊಡುತ್ತೀಯಾ ಎಂದು ಒಬ್ಬರು ಕೇಳಿದರು. ನಾನು ಅನ್ಸಿಲ್‌ನ ದೋಣಿಯ ಅಂಚು ಹಿಡಿದುಕೊಂಡೆ. ಅವನು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ದೋಣಿಯಲ್ಲಿದ್ದ ರೇಡಿಯೊ ತೆಗೆದು ನನ್ನ ಕೈಗೆ ಕೊಟ್ಟ. "ನಿನ್ನೆ ಇದರ ಮಾತು ಕೇಳಿ ಖಾಲಿ ಬಲೆ ಎಳ್ಕೊಂಡು ಬಂದೆ ಚೇಚಿ. ಇವತ್ತು ನೀನೇ ಇಟ್ಕೊಂಡು ಕೇಳು" ಎಂದ. ಕೋಪದಲ್ಲಿ ಹೇಳಲಿಲ್ಲ, ನಗುತ್ತಲೇ ಹೇಳಿದ.

7:30ರ ಹೊತ್ತಿಗೆ ಪಡುವಣ ದಿಕ್ಕು ಕಪ್ಪಾಗತೊಡಗಿತು. ಅಷ್ಟು ದೂರಕ್ಕೆ ಮೊಬೈಲು ಸಿಗುವುದಿಲ್ಲ. ನಾನು ಮೈಕಿನಲ್ಲಿ ಕೂಗುತ್ತಲೇ ಇದ್ದೆ, ಒಂದು ದೋಣಿಯೂ ತಿರುಗಲಿಲ್ಲ. ಕೊನೆಗೆ ಮಾರುಕಟ್ಟೆಗೆ ಓಡಿ ಲೂರ್ದಮ್ಮನ ಕಾಲು ಹಿಡಿದು ಕರೆತಂದೆ. ಅವರು ಬದುಕಿನಲ್ಲಿ ಎಂದೂ ಮೈಕಿನ ಮುಂದೆ ಕೂತವರಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಇಷ್ಟೇ ಹೇಳಿದರು:

"ನಿನ್ನೆ ಮಾತಾಡಿದ್ದು ನಮ್ಮನೆಯವ್ರ ಹಳೇ ದನಿ. ಅದು ಆ ವರ್ಷದ ಗಾಳಿಗೆ ಹೇಳಿದ್ದು. ಇವತ್ತು ನಾನು ಹೇಳ್ತಿದ್ದೀನಿ, ಲೂರ್ದಮ್ಮ, ಬದುಕಿದ್ದೀನಿ. ಗಾಳಿ ನನ್ನ ಕಣ್ಣಿಗೇ ಕಾಣ್ತಿದೆ. ಬನ್ನಿ ಮಕ್ಕಳೇ."

ಅದನ್ನೇ ಅವರು ದನಿ ಕಟ್ಟುವ ತನಕ ಹೇಳಿದರು. 9 ಗಂಟೆಯ ನಂತರ ದೋಣಿಗಳು ಒಂದೊಂದಾಗಿ ಬರತೊಡಗಿದವು. ಬಂದವರು ಯಾರೂ ನನ್ನ ಮುಖ ನೋಡಲಿಲ್ಲ, ಲೂರ್ದಮ್ಮನ ಕೈ ಮುಟ್ಟಿ ಹೋದರು. ಈ ಹೇಳಿಕೆ ಕೊಡುವ ಹೊತ್ತಿಗೆ ಒಂದು ದೋಣಿ ಬಿಟ್ಟು ಎಲ್ಲವೂ ಬಂದಿವೆ. ಬಾರದಿರುವುದು ಅನ್ಸಿಲ್ ಮತ್ತು ಅವನ ಇಬ್ಬರು ಜೊತೆಗಾರರದು. ಆ ದೋಣಿಯಲ್ಲಿ ಇದ್ದದ್ದು ಅದೊಂದೇ ರೇಡಿಯೊ. ಲೂರ್ದಮ್ಮ ಕರೆಯುತ್ತಿದ್ದಷ್ಟು ಹೊತ್ತೂ ಅದು ನನ್ನ ಮೇಜಿನ ಮೇಲೆ ಮಾತಾಡುತ್ತಿತ್ತು.

ತಪ್ಪು ಯಾರದು ಎಂದು ಸಬ್ ಇನ್‌ಸ್ಪೆಕ್ಟರ್ ಅವರು ಕೇಳಿದ್ದಕ್ಕೆ ನನ್ನದು ಎಂದು ಹೇಳಿದ್ದೇನೆ. ಕೇಸು ಏನಿದ್ದರೂ ಆಮೇಲೆ ಹಾಕಿ, ಮೊದಲು ಠಾಣೆಯ ಬೋಟನ್ನು ಕಳಿಸಿ ಎಂದು ಕೇಳಿಕೊಂಡಿದ್ದೇನೆ. ಗಾಳಿ ಇಳಿಯಲಿ ಎಂದಿದ್ದಾರೆ.

ಇಲ್ಲಿ ಬರೆಸಿದ್ದೆಲ್ಲ ನಡೆದದ್ದೇ. ನನಗೆ ಓದಿ ಹೇಳಿದರು. ಕಿಟಕಿಯ ಕಡೆಯೇ ಗಮನವಿದ್ದುದರಿಂದ ಕೊನೆಯ ಭಾಗ ನನಗೆ ಕೇಳಿಸಲಿಲ್ಲ. ಮತ್ತೊಮ್ಮೆ ಓದುವುದು ಬೇಡವೆಂದು ಹೇಳಿ ಸಹಿ ಮಾಡಿದ್ದೇನೆ. ಇನ್ನೇನಾದರೂ ಕೇಳುವುದಿದ್ದರೆ ನಾನು ಅಳಿವೆಯ ಹತ್ತಿರ ಇರುತ್ತೇನೆ.

ಸ್ಥಳ: ಕರಾವಳಿ ಠಾಣೆ, ಮರಿಯತುರ
ದಿನಾಂಕ: 15-11-2022, ಬೆಳಿಗ್ಗೆ 11:50
ಸಹಿ: ಜಾಸ್ಮಿನ್ ಎಸ್.