ಮೂರು ಬಟ್ಟಲು ಬೆಳಕು

ಹೂಂಗುಟ್ಟೋರು ಹತ್ತಿರ ಬನ್ನಿ, ತೂಕಡಿಸೋರು ಗೋಡೆಗೆ ಒರಗಿ. ಯಾವ ಸೀಮೆ ಅಂತ ಕೇಳಬೇಡಿ, ಯಾವ ಕಾಲ ಅಂತ ಕೇಳಬೇಡಿ. ಒಂದು ಬೆಟ್ಟ ಇತ್ತು. ಬೆಟ್ಟದ ಬುಡದಲ್ಲಿ ಒಂದು ಊರಿತ್ತು. ಊರಿನ ಹಿಂದೆ, ಬೆಟ್ಟದ ಹೊಟ್ಟೆ ಒಳಗೆ, ಒಂದು ಗವಿ ಇತ್ತು.

ಆ ಊರಲ್ಲಿ ಎಣ್ಣೆ ಅಪರೂಪ, ಜೇನು ಧಾರಾಳ. ಜೇನುಮೇಣ ಕರಗಿಸಿ, ಮರದ ಬಟ್ಟಲಿಗೆ ಹೊಯ್ದು, ನಡುವೆ ನೂಲಿನ ಬತ್ತಿ ನಿಲ್ಲಿಸೋರು. ಅದೇ ಅವರ ದೀಪ. ಮಣ್ಣಿನದು ಬಿದ್ರೆ ಒಡೆಯುತ್ತೆ, ಕಂಚಿನದು ಕೈ ಸುಡುತ್ತೆ, ಮರದ್ದು ಅಂಗೈಲಿ ತಣ್ಣಗೆ ಕೂತಿರುತ್ತೆ. ಆದ್ರೆ ಮರ ಅಲ್ವಾ? ಕಣ್ಣಿಟ್ಟು ನೋಡ್ಕೋಬೇಕು.

ಹಾಗೆ ನೋಡ್ಕೊಳ್ಳೋದ್ರಲ್ಲಿ ಬೋರಕ್ಕನ್ನ ಮೀರಿಸೋರಿಲ್ಲ. ಬೋರಕ್ಕ ಊರ ಸೂಲಗಿತ್ತಿ. ಹೆರಿಗೆ ಮನೆ ಅಂದ್ರೆ ಕಿಟಕಿ ಮುಚ್ಚಿದ ಕತ್ತಲೆ ಕೋಣೆ, ಬೆಳಕಿಲ್ದೆ ಅವಳ ಕೈ ಓಡಲ್ಲ. ಅವಳ ಅತ್ತೆ ಮಾರಜ್ಜಿ ಸಾಯೋ ಮುಂಚೆ ಎರಡು ವಿದ್ಯೆ ಕೊಟ್ಟು ಹೋಗಿದ್ಲು, ಮಗು ಹಿಡಿಯೋದು ಮತ್ತು ಬಟ್ಟಲು ಕಾಯೋದು. ಹೊಸ ಬಟ್ಟಲು ಹಚ್ಚಿದ್ರೆ ಮೇಣ ಅಂಚಿನವರೆಗೂ ಕರಗೋ ತನಕ ಅಲ್ಲಾಡಿಸಬಾರದು. ಬತ್ತಿಯ ಕರಿ ಬೆಳೆಯೋಕೆ ಬಿಡಬಾರದು. ತಳದಲ್ಲಿ ಒಂದು ಬೆರಳು ಮೇಣ ಉಳಿದಾಗ ಆರಿಸಿಬಿಡಬೇಕು.

ಒಂದಿನ ನಡುಮಧ್ಯಾಹ್ನ. ಬೋರಕ್ಕ ಜಗಲಿ ಮೇಲೆ ಕೂತು ಬಟ್ಟಲು ಒರೆಸ್ತಿದ್ಲು. ಗೋಡೆ ನೆರಳಿಂದ ಯಾರೋ ಕರೆದ್ರು.

"ಅಕ್ಕಾ, ಬಾರಕ್ಕಾ."

ಒರೆಸೋದು ಬಿಡ್ಲಿಲ್ಲ. ಮತ್ತೆ, "ಅಕ್ಕಾ, ಬಾರಕ್ಕಾ." ಎದ್ದು ನಿಂತ್ಲು. ಮೂರನೇ ಸಲಕ್ಕೆ ಗುರುತು ಸಿಕ್ತು. ಲಕ್ಕಣ್ಣನ ದನಿ! ಏಳು ತಿಂಗಳ ಹಿಂದೆ ಜೇನು ಕೀಳೋಕೆ ಅಂತ ಗವಿ ಕಡೆ ಹೋದೋನು, ತಿರುಗಿ ಬಂದಿರ್ಲಿಲ್ಲ. ಬಸುರಿ ಹೆಂಡ್ತಿ ಚೆಲುವಿ ಅತ್ತೂ ಅತ್ತೂ ಬತ್ತಿ ಹೋಗಿದ್ಲು.

"ಲಕ್ಕಣ್ಣ! ಬದುಕಿದ್ದೀಯೇನಪ್ಪಾ?"

"ಚೆಲುವಿಗೆ ಬೇನೆ ಬಂದದೆ ಅಕ್ಕಾ. ಬೇಗ ಬಾ."

ಕಂಬಳಿ ತಲೆ ಮೇಲೆ ಎಳ್ಕೊಂಡು ನಿಂತಿದ್ದ. ಮುಖ ಕಾಣ್ಲಿಲ್ಲ. ಬೋರಕ್ಕ ಏನು ಮಾಡ್ತಾಳೆ ಹೇಳಿ? ಸಂತೋಷ ಒಂದು ಕಡೆ, ಅವಸರ ಒಂದು ಕಡೆ. ಮಡಿಲಿಗೆ ಮೂರು ಹೊಸ ಬಟ್ಟಲು ಕಟ್ಕೊಂಡ್ಲು. ಚಕಮಕಿ ಕಲ್ಲು, ಹಸಿ ನೂಲು, ಚೂರಿ ತಗೊಂಡ್ಲು. ಹೊರಟ್ಲು.

ಅವನು ಮುಂದೆ, ಇವಳು ಹಿಂದೆ. ಮರದ ನೆರಳಲ್ಲಿ ನಡೀತಾನೆ, ಬಂಡೆ ನೆರಳಲ್ಲಿ ನಡೀತಾನೆ. ಬಯಲು ಬಂದ್ರೆ? ಬಯಲಲ್ಲಿ ಅವನು ಕಾಣಲ್ಲ! ಬಯಲಾಚೆ ನೆರಳಿಂದ ದನಿ ಬರುತ್ತೆ, "ಅಕ್ಕಾ, ಬಾರಕ್ಕಾ." ಬೋರಕ್ಕ ಕಣ್ಣು ಉಜ್ಜಿಕೊಂಡ್ಲು. ಬಿಸಿಲಿಗೆ ಕಣ್ಣು ಮಂಜಾಯ್ತು ಅಂದ್ಕೊಂಡು ನಡೆದ್ಲು.

ಗವಿ ಬಾಯಿಗೆ ಬಂದ್ರು. "ಇಲ್ಲಿ ಯಾಕಪ್ಪಾ?" ಅಂತ ಕೇಳೋ ಹೊತ್ತಿಗೆ ಒಳಗಿಂದ ಚೆಲುವಿ ನರಳೋದು ಕೇಳಿಸ್ತು. ಬೇನೆ ತಿನ್ನೋ ಹೆಂಗಸಿನ ನರಳಾಟ ಬೋರಕ್ಕಂಗೆ ಗೊತ್ತಿಲ್ವೇ? ಮೊದಲನೇ ಬಟ್ಟಲು ಹಚ್ಚಿದ್ಲು, ಒಳಗೆ ಓಡಿದ್ಲು.

ಅಲ್ಲೇ ತಪ್ಪಿದ್ದು. ಮೇಣ ಕರಗೋವರೆಗೂ ಕಾಯ್ಲಿಲ್ಲ. ಬತ್ತಿ ಸುತ್ತ ಗುಂಡಿ ಬಿತ್ತು. ನಡಿಗೆಗೆ ಮೇಣ ತುಳುಕಿತು, ಬತ್ತಿ ಮುಳುಗಿತು, ಬೆಳಕು ಹೋಯ್ತು.

ಕತ್ತಲೆ ಅಂದ್ರೆ ಎಂಥ ಕತ್ತಲೆ! ಕಣ್ಣು ತೆರೆದ್ರೂ ಅದೇ, ಮುಚ್ಚಿದ್ರೂ ಅದೇ.

"ಲಕ್ಕಣ್ಣಾ, ಎಲ್ಲಿದ್ದೀಯಪ್ಪಾ?" ಅಂದ್ಲು.

ತಣ್ಣನೇದೊಂದು ಅವಳ ಗಂಟಲ ಹತ್ತಿರ ಬಂತು. ಮುಟ್ಲಿಲ್ಲ. ನಾಯಿ ಮೂಸುತ್ತಲ್ಲ, ಹಾಗೆ ಮೂಸಿತು. ಬೋರಕ್ಕ ಮಡಿಲಿಂದ ಕಲ್ಲು ತೆಗೆದ್ಲು. ಒಂದು ಸಲ ಗೀಚಿದ್ಲು, ಹತ್ಲಿಲ್ಲ. ಎರಡು ಸಲ ಗೀಚಿದ್ಲು, ಹತ್ಲಿಲ್ಲ. ಮೂರನೇ ಸಲಕ್ಕೆ ಕಿಡಿ ಹಾರಿ ಎರಡನೇ ಬಟ್ಟಲು ಹತ್ತಿಕೊಂತು. ಈ ಸಲ ಎಷ್ಟೇ ನರಳಾಟ ಕೇಳಿಸಿದ್ರೂ ಕಾಲು ಕೀಳ್ಲಿಲ್ಲ. ಮೇಣ ಅಂಚು ಮುಟ್ಟಿತು. ಆಮೇಲೆ ಬಟ್ಟಲು ಎತ್ತಿ, ಬೆಳಕಿನಾಚೆ ನಿಂತಿದ್ದ ಲಕ್ಕಣ್ಣನ ಮುಖಕ್ಕೆ ಹಿಡಿದ್ಲು.

ಕಂಬಳಿ ದೊಪ್ಪನೆ ಕೆಳಗೆ ಬಿತ್ತು. ಒಳಗೆ ಯಾರೂ ಇರ್ಲಿಲ್ಲ.

ಓಡಿ ಹೋಗಬೇಕಿತ್ತು ಅಂತೀರಾ? ಅವಳಿಗೂ ಹಾಗೇ ಅನ್ನಿಸ್ತು. ಕಾಲು ಹಿಂದಕ್ಕೆ ತಿರುಗಿಯೂ ಇತ್ತು. ಅಷ್ಟ್ರಲ್ಲಿ "ಅವ್ವಾ" ಅಂತ ಚೆಲುವಿ ಕಿರುಚಿದ್ಲು. ಬೋರಕ್ಕ ಮುಂದಕ್ಕೆ ನಡೆದ್ಲು.

ಚೆಲುವಿ ಒಂದು ಬಂಡೆಗೆ ಒರಗಿ ಬಿದ್ದಿದ್ಲು. ಬೆಳಕು ಕಂಡಿದ್ದೇ ಬೋರಕ್ಕನ ಕಾಲು ಗಟ್ಟಿಯಾಗಿ ಹಿಡ್ಕೊಂಡ್ಲು.

"ಬೆಳಿಗ್ಗೆ ಅವನ ದನಿ ಕರೀತು ಅಕ್ಕಾ. ಬಂದುಬಿಟ್ಟೆ. ಅವನಲ್ಲ ಇದು. ಇದಕ್ಕೆ ತನ್ನದು ಅಂತ ದನಿ ಇಲ್ಲ. ಈ ಕತ್ತಲೇಲಿ ಯಾರು ಮಾತಾಡಿದ್ರೂ ಆ ದನಿ ಕಲಿತುಬಿಡುತ್ತೆ. ನಾನು ಹೆರಲಾರದೆ ಸತ್ರೆ ಮಗು ಕೂಗೋದೇ ಇಲ್ಲ, ಅದಕ್ಕೇ ನಿನ್ನ ಕರೆಸ್ತು. ಅವನ ದನೀಲೇ ಹೇಳ್ತು, ಯಾರೂ ಬಳಸದ ಹೊಸ ದನಿ ಬೇಕಂತೆ. ಮಗು ಕತ್ತಲೇಲಿ ಕೂಗಿದ್ರೆ ಮಗೂನೇ ತಗೋತದಂತೆ."

"ಬೆಳಕಿನೊಳಗೆ ಬರುತ್ತಾ?"

"ಬರಲ್ಲ."

"ಹಾಗಾದ್ರೆ ಹೆರು ಮಗಳೇ. ನಾನಿದ್ದೀನಿ."

ಒಂದು ಕೈ ಬಸುರಿ ಮೇಲೆ, ಒಂದು ಕಣ್ಣು ಬತ್ತಿ ಮೇಲೆ. ಬೆಳಕಿನ ಸುತ್ತು ಒಂದು ಚಾಪೆಯಷ್ಟೇ ಇತ್ತು. ಅದರಾಚೆ ಏನೋ ಸುತ್ತು ಹಾಕ್ತಿತ್ತು. ಹೆಜ್ಜೆ ಸದ್ದಿಲ್ಲ, ಉಸಿರಿನ ಸದ್ದಿಲ್ಲ. ತಣ್ಣನೆ ಗಾಳಿ ಮಾತ್ರ ಒಂದು ಸಲ ಬಲಕ್ಕೆ, ಒಂದು ಸಲ ಎಡಕ್ಕೆ.

ಮೊದಲು ಲಕ್ಕಣ್ಣನ ದನಿ ಬಂತು. "ಅಕ್ಕಾ, ಕೈ ಸೋತದೆ. ಬಟ್ಟಲು ಇಲ್ಲಿ ಕೊಡು, ನಾನು ಹಿಡೀತೀನಿ." ಬೋರಕ್ಕ ಕೊಡ್ಲಿಲ್ಲ.

ಆಮೇಲೆ ಮಾರಜ್ಜಿ ದನಿ ಬಂತು. ಸತ್ತು ಎಂಟು ವರ್ಷ ಆದ ಅತ್ತೆ! ಯಾವ ಕಾಲದಲ್ಲಿ ಈ ಗವಿಗೆ ಬಂದು ಏನು ಮಾತಾಡಿದ್ಲೋ. "ಬೋರೀ, ಬತ್ತಿ ಕರಿ ಕಟ್ಟಿದೆ ನೋಡೇ. ಚಿವುಟು. ಇನ್ನೂ ಚಿವುಟು. ಇನ್ನೂ ಒಂಚೂರು."

ಅತ್ತೆ ಮಾತು ಅಲ್ವಾ! ಬೋರಕ್ಕನ ಉಗುರು ತಾನಾಗೇ ಹೋಗಿ ಚಿವುಟ್ತು. ಮತ್ತೆ ಚಿವುಟ್ತು. ಕುಡಿ ಸಾಸಿವೆ ಕಾಳಿನಷ್ಟಾಯ್ತು. ಸುತ್ತು ಚಾಪೆಯಿಂದ ಮಣೆಯಷ್ಟಾಯ್ತು. "ಅಕ್ಕಾ!" ಅಂತ ಚೆಲುವಿ ಚೀರಿ ಕಾಲು ಒಳಗೆ ಎಳ್ಕೊಂಡ್ಲು. ಹೆಬ್ಬೆರಳಿನ ಚರ್ಮ ಮಂಜು ಕಚ್ಚಿದ ಹಾಗೆ ಬಿಳಿಚಿಹೋಗಿತ್ತು. ಬೋರಕ್ಕ ಬೆಚ್ಚಿಬಿದ್ದು, ಸಾಯೋ ಕುಡಿಯಿಂದಲೇ ಮೂರನೇ ಬಟ್ಟಲು ಹಚ್ಚಿದ್ಲು. ಅದು ಹತ್ತಿತು, ಇದು ಸತ್ತಿತು. ಕೊನೇ ಬಟ್ಟಲನ್ನ ಕಲ್ಲಿನ ಮೇಲಿಟ್ಟು, ಗಾಳಿ ಬರೋ ಕಡೆ ಬೆನ್ನು ಕೊಟ್ಟು ಕೂತ್ಲು.

ಬೇನೆ ಎಳೀತು. ಮೇಣ ಇಳೀತು. ಅರ್ಧ ಆಯ್ತು, ಕಾಲು ಆಯ್ತು, ಎರಡು ಬೆರಳಾಯ್ತು. ಆಗ ಹುಟ್ಟಿತು ಮಗು. ಹೆಣ್ಣು. ಬೋರಕ್ಕ ಹೊಕ್ಕುಳಬಳ್ಳಿ ಕಟ್ಟಿ ಕೊಯ್ದು, ಮಗು ಕಡೆ ತಿರುಗಿದ್ಲು.

ಮಗು ಅಳ್ಲಿಲ್ಲ. ನೀಲಿಗಟ್ಟಿತ್ತು.

ಬೆನ್ನು ಉಜ್ಜಿದ್ಲು, ಇಲ್ಲ. ಅಂಗಾಲು ತಟ್ಟಿದ್ಲು, ಇಲ್ಲ. ಕತ್ತಲೆಯಿಂದ ಮೂರನೇ ದನಿ ಬಂತು. ಯಾರದು ಅಂತೀರಿ? ಬೋರಕ್ಕನ ದನಿಯೇ!

"ಬೆಳಕು ಆರಿಸು. ಎಳೇ ಕಣ್ಣಿಗೆ ಬೆಳಕು ತಡೆಯಲ್ಲ. ಆರಿಸಿದ್ರೆ ಅಳ್ತದೆ. ಆರಿಸು."

ಹೊರಗಿಂದ ಬಂತೋ, ತಲೆ ಒಳಗೇ ಅಂದ್ಕೊಂಡಳೋ ಅವಳಿಗೇ ತಿಳೀಲಿಲ್ಲ. ಕೈ ಬಟ್ಟಲ ಕಡೆ ಹೋಯ್ತು. ಮೇಣ ಒಂದು ಬೆರಳಿಗೆ ಬಂದಿತ್ತು. ಮೂವತ್ತು ವರ್ಷ ಅಷ್ಟಕ್ಕೆ ಬಂದಾಗ ಆರಿಸಿದ ಕೈ ಅದು. ಇವತ್ತು ಆರಿಸ್ಲಿಲ್ಲ. ಬಗ್ಗಿ, ಮಗುವಿನ ಬಾಯಿಗೆ ಬಾಯಿಟ್ಟು ಲೋಳೆ ಎಳೆದು ಉಗಿದು, ಉಸಿರು ಊದಿದ್ಲು.

ಮಗು ಕೂಗ್ತು. ಬೆಳಕಿನ ನಡುವೆ, ಮೂರು ಕೇರಿಗೆ ಕೇಳೋ ಹಾಗೆ ಕೂಗ್ತು. ಹಿಂದೆಯೇ ಮಾಸೂ ಬಿತ್ತು.

"ಏಳು ಚೆಲುವಿ!"

ಮಗು ಚೆಲುವಿ ಎದೇಲಿ, ಚೆಲುವಿ ಬೋರಕ್ಕನ ಒಂದು ತೋಳಲ್ಲಿ, ಬಟ್ಟಲು ಇನ್ನೊಂದು ಕೈಲಿ. ಮೇಣ ಮುಗೀತು. ಬೆಂಕಿ ಮರ ಹಿಡೀತು. ಮೇಣ ಕುಡಿದ ಮರ, ಬಿಡುತ್ತಾ? ಬಟ್ಟಲಿಗೆ ಬಟ್ಟಲೇ ಧಗ್ಗನೆ ಉರೀತು. ಬೆಳಕಿನ ಸುತ್ತು ಗವಿಯಗಲ ಆಯ್ತು. ಬೋರಕ್ಕ ಬಿಡ್ಲಿಲ್ಲ. ಅಂಗೈ ಸುಟ್ಟಿತು, ಬಿಡ್ಲಿಲ್ಲ. ಚರ್ಮ ಸುಲೀತು, ಬಿಡ್ಲಿಲ್ಲ. ಹಿಂದೆ ಲಕ್ಕಣ್ಣನ ದನಿ, ಮಾರಜ್ಜಿ ದನಿ, ಅವಳದೇ ದನಿ, ಗುರುತಿಲ್ಲದ ಹತ್ತು ದನಿ, ಎಲ್ಲಾ ಸೇರಿ ಬೆನ್ನಟ್ಟಿ ಬಂದ್ವು. ಗವಿ ಬಾಯಿ ದಾಟಿ ಇಳಿಬಿಸಿಲಿಗೆ ಬಿದ್ದಾಗ ಅವಳ ಕೈಲಿ ಇದ್ದದ್ದು ಕೆಂಡ.

ಕೂಗು ಕೇಳಿ ಊರು ಓಡಿ ಬಂತು. ಸಂಗತಿ ಕೇಳಿ ಗಂಡಸ್ರೆಲ್ಲ ಗವಿ ಮುಚ್ಚೋಕೆ ಕಲ್ಲು ಹೊತ್ತು ತಂದ್ರು. ಮೊದಲನೇ ಕಲ್ಲು ಇಡಬೇಕು, ಒಳಗಿಂದ ದನಿ ಬಂತು.

"ಚೆಲುವೀ, ಬಾರೇ ಚೆಲುವೀ."

ಎತ್ತಿದ ಕಲ್ಲು ಎತ್ತಿದ ಕೈಯಲ್ಲೇ ನಿಂತ್ವು. ನಿಜವಾಗಿ ಲಕ್ಕಣ್ಣನೇ ಇದ್ರೆ? ಕಾಲು ಮುರ್ಕೊಂಡು ಒಳಗೆ ಬಿದ್ದಿದ್ರೆ? ಎಲ್ರೂ ಬೋರಕ್ಕನ ಮುಖ ನೋಡಿದ್ರು. ಬೋರಕ್ಕ ಸುಟ್ಟ ಕೈ ನೋಡ್ತಾ ನಿಂತ್ಲು. ಅವಳಿಗೂ ಗೊತ್ತಿಲ್ಲ.

ಚೆಲುವಿ ಮಗು ಎತ್ಕೊಂಡು ಗವಿ ಬಾಯಿಗೆ ಬಂದ್ಲು. ಬಿಸಿಲು ಬಿಟ್ಟು ಕದಲ್ಲಿಲ್ಲ.

"ಹೋಗೋ ದಿನ ಮನೆ ಬಾಗಿಲ ಬಿಸಿಲಲ್ಲಿ ನಿಂತು, ಹೆಣ್ಣಾದ್ರೆ ಇಡೋಕೆ ಒಂದು ಹೆಸರು ಹೇಳಿದ್ಯಲ್ಲ. ನೀನೇ ಆಗಿದ್ರೆ ಆ ಹೆಸರು ಹೇಳು."

"ಚೆಲುವೀ, ಬಾರೇ ಚೆಲುವೀ."

"ಹೆಸರು ಹೇಳು, ಒಳಗೆ ಬಂದು ಹೊತ್ಕೊಂಡು ಬರ್ತೀನಿ."

"ಚೆಲುವೀ, ಬಾರೇ ಚೆಲುವೀ."

ಮೂರನೇ ಸಲ ಕೇಳೋವಾಗ ಅವಳಿಗೆ ಅಳು ತಡೆಯೋಕಾಗ್ಲಿಲ್ಲ. "ನಿನ್ನ ದಮ್ಮಯ್ಯ ಅಂತೀನಿ, ಹೆಸರು ಹೇಳು."

ಗವಿ ಸುಮ್ಮನಾಯ್ತು.

ಚೆಲುವಿ ಮಗೂನ ಬೋರಕ್ಕನ ಮಡಿಲಿಗೆ ಹಾಕಿದ್ಲು. ಹಸಿ ಬಾಣಂತಿ, ತಾನೇ ಬಗ್ಗಿ, ಮೊದಲನೇ ಕಲ್ಲು ಇಟ್ಲು. ಆಮೇಲೆ ಊರೆಲ್ಲ ಇಟ್ರು. ಕೊನೇ ಸಂದಿಗೆ ಮಣ್ಣು ಮೆತ್ತೋ ಹೊತ್ತಿಗೆ ಒಳಗಿಂದ ಮತ್ತೆ ದನಿ ಬಂತು. ಈ ಸಲ ಲಕ್ಕಣ್ಣಂದಲ್ಲ. ಚೆಲುವಿಯ ದನಿ. ಅದೇ ಅಳು, ಅದೇ ಬಿಕ್ಕು.

"ನಿನ್ನ ದಮ್ಮಯ್ಯ ಅಂತೀನಿ, ಹೆಸರು ಹೇಳು."

ಚೆಲುವಿ ಮಗೂನ ಎತ್ಕೊಂಡು, ಹಿಂದಕ್ಕೆ ತಿರುಗಿ ನೋಡದೆ ಮನೆಗೆ ಹೋದ್ಲು. ಬಾಗಿಲು ಹಾಕಿ, ಬಟ್ಟಲು ಹಚ್ಚಿ, ಮಗುವಿನ ಕಿವೀಲಿ ಮೂರು ಸಲ ಹೆಸರು ಹೇಳಿದ್ಲು. ಆ ಹೆಸರು ಯಾವುದು ಅಂತ ನನ್ನ ಕೇಳಬೇಡಿ. ಗೊತ್ತಿದ್ರೂ ಹೇಳಲ್ಲ. ನಮ್ಮ ಬೆಟ್ಟದಲ್ಲೂ ಗವಿ ಇದಾವೆ.

ಕಥೆ ಅಲ್ಲೇ ಉಳೀತು, ನಾವು ಇಲ್ಲೇ ಉಳಿದ್ವಿ. ಏಳಿ, ಬೆಳಕಿರೋವಾಗಲೇ ಮನೆ ಸೇರ್ಕೊಳ್ಳಿ.